ಫ್ಲಾಶ್ ಇಲ್ಲದೆ ಮೊಲದ ಫೋಟೊ, ಅದರಲ್ಲೇ ಆರೋಗ್ಯದ ಲೆಕ್ಕ: ನನ್ನ ಅನುಭವ

ಮನೆಯೊಳಗೆ ಫ್ಲಾಶ್ ಹಾಕದೆ ಮೊಲದ ಶಾರ್ಪ್ ಫೋಟೊ ಬರುವುದಿಲ್ಲ, ಬಂದರೂ ಗೋಡೆಗೆ ತೂಗುಹಾಕಲು ಮಾತ್ರ ಲಾಯಕ್ಕು ಎನ್ನುವವರೇ ಹೆಚ್ಚು. ನನಗೆ ಈಗ ಬರೀ ಕಿಟಕಿ ಬೆಳಕಿನಲ್ಲಿ ಮೀಸೆಯ ಎಳೆ ಎಣಿಸುವಂಥ ಚಿತ್ರ ಬರುತ್ತಿದೆ. ಅದೇ ಚಿತ್ರಗಳಲ್ಲಿ ಹಲ್ಲು, ಪಾದ ಕೆಡುವ ಸುಳಿವೂ ಮೊದಲೇ ಸಿಗುತ್ತಿದೆ.

ನನ್ನ ಸೆಟ್ಟಿಂಗ್ ಇದು: ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾ ಬಾಡಿ, 50 ಎಂಎಂ ಲೆನ್ಸ್, ಎಫ್ 4 (ಲೆನ್ಸಿನ ಕಿಂಡಿಯ ಅಳತೆ, ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು), ದೂರ ಸುಮಾರು 1 ಮೀಟರ್, ಶಟರ್ 1/500 ಸೆಕೆಂಡ್, ಆಟೊ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಮಿತಿ 3200. ಎಫ್ 1.8ರಲ್ಲಿ ಇಷ್ಟು ದೂರಕ್ಕೆ ಫೋಕಸ್ ಸಿಗುವುದು 3 ಸೆಂ.ಮೀ. ಆಳಕ್ಕೆ ಮಾತ್ರ, ಕಣ್ಣು ಹಿಡಿದರೆ ಮೂಗು ಮಸುಕು. ಎಫ್ 4ಕ್ಕೆ ಬಂದರೆ 6 ಸೆಂ.ಮೀ. ಆಗುತ್ತದೆ, ಎರಡೂ ಒಳಗೆ ಬರುತ್ತವೆ. ಮೊಲ ಕಲ್ಲಿನಂತೆ ಕೂತಿದ್ದರೂ ಮೂಗು ಮಾತ್ರ ಸುಮ್ಮನಿರುವುದಿಲ್ಲ, ಹಾಗಾಗಿ 1/125 ಸಾಲದು. ನೆಗೆದು ಗಾಳಿಯಲ್ಲಿ ಮೈ ತಿರುಚುವುದನ್ನು ಹಿಡಿಯಲು 1/1000 ಬೇಕು, ಅದಕ್ಕೆ ಕಿಟಕಿ ಬೆಳಕು ಸಾಲುವುದಿಲ್ಲ, ಬಿಟ್ಟುಬಿಡಿ. ತುಪ್ಪಳದಲ್ಲಿ ನಾಯ್ಸ್ (ಚಿತ್ರದಲ್ಲಿ ಬೀಳುವ ಕಾಳುಕಾಳು ಚುಕ್ಕೆ) ಎದ್ದು ಕಾಣದು, ಐಎಸ್‌ಒ ಏರಿಸಲು ಹೆದರಬೇಡಿ. ಬಿಳಿ ಮೊಲವನ್ನು ಕ್ಯಾಮೆರಾದ ಬೆಳಕಿನ ಮೀಟರ್ ಬೂದಿ ಬಣ್ಣ ಮಾಡುತ್ತದೆ, ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಬೆಳಕಿನ ಹೆಚ್ಚು-ಕಡಿಮೆ) +0.7ರಿಂದ +1ರವರೆಗೆ ಕೊಡಿ. ಕರಿಯದಕ್ಕೆ −0.7.

ಸೈಲೆಂಟ್ ಶಟರ್ ಚೆನ್ನ, ಸದ್ದಿಗೆ ಕಿವಿ ತಿರುಗುವುದಿಲ್ಲ. ಆದರೆ ಎಲ್‌ಇಡಿ ದೀಪದಡಿ ಪಟ್ಟೆ ಬೀಳುತ್ತವೆ, ಓಡುವ ಮೊಲದ ಕಿವಿ ವಾಲಿದಂತೆ ಬರುತ್ತದೆ. ಕಿಟಕಿ ಪಕ್ಕ, ಕೂತಿರುವಾಗ ಮಾತ್ರ ಬಳಸಿ.

ದುಡ್ಡು ದಂಡವಾದದ್ದು ಮೂರು ಕಡೆ. ಸಾಫ್ಟ್‌ಬಾಕ್ಸ್ (ಬೆಳಕು ಮೃದುವಾಗಿಸುವ ಬಟ್ಟೆ ಪೆಟ್ಟಿಗೆಯ ದೀಪ): ಅದರ ವೈರನ್ನು ಮೊಲ ಮೊದಲ ದಿನವೇ ಕಡಿಯುತ್ತದೆ. ನುಣುಪಾದ ವಿನೈಲ್ ಹಿನ್ನೆಲೆ: ಕಾಲು ಜಾರುತ್ತದೆ, ಮೊಲ ಹೆದರಿ ಕಿವಿ ಬೆನ್ನಿಗೆ ಒತ್ತಿ ಕೂರುತ್ತದೆ, ಫೋಟೊದಲ್ಲಿ ಜೀವವೇ ಇರುವುದಿಲ್ಲ. ಟೆಲಿ ಜೂಮ್ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್): ಹತ್ತಿರಕ್ಕೆ ಫೋಕಸ್ಸೇ ಆಗದು. ಕೊನೆಗೆ ಕೆಲಸಕ್ಕೆ ಬಂದದ್ದು ಸೆಕೆಂಡ್ ಹ್ಯಾಂಡ್ 50 ಎಂಎಂ, ಅಡಿಯಲ್ಲಿ ರಬ್ಬರ್ ಇರುವ ದಪ್ಪ ಹತ್ತಿ ಚಾಪೆ. ಬಾಡಿ ಬದಲಿಸುವ ಯೋಚನೆ ಇದ್ದವರು ಅದರ ಬೆಲೆಯ ಸಣ್ಣ ಪಾಲಿನಲ್ಲಿ ಗ್ರಾಂ ತೋರಿಸುವ ತಕ್ಕಡಿ ತನ್ನಿ, ಹೆಚ್ಚು ಲಾಭ.

ಲೆನ್ಸ್ ಮೊಲದ ಕಣ್ಣಿನ ಮಟ್ಟದಲ್ಲಿರಲಿ, ಮೊಣಕೈ ನೆಲಕ್ಕೂರಿ. ಪಕ್ಕದಿಂದ ಹೋಗಿ, ಮೂಗಿನ ನೇರಕ್ಕೆ ಅದಕ್ಕೆ ಕಾಣದ ಜಾಗವಿದೆ, ಅಲ್ಲಿಂದ ಕೈ ಬಂದರೆ ಬೆಚ್ಚುತ್ತದೆ. ತಿಂಡಿ ತೋರಿಸಿದರೆ ಲೆನ್ಸಿಗೇ ನುಗ್ಗುತ್ತದೆ, ಒಣಹುಲ್ಲು ಮೆಲ್ಲುವಾಗ ತೆಗೆಯುವುದೇ ವಾಸಿ. ಎರಡೂ ಕಿವಿ ಏಕಕಾಲಕ್ಕೆ ನೆಟ್ಟಗಾಗಿಸುವ ಸದ್ದೊಂದಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಇನ್ನು ಆರೋಗ್ಯದ ಸರಣಿ. ವಾರಕ್ಕೊಮ್ಮೆ ತೂಕ. ತಿಂಗಳಿಗೊಮ್ಮೆ ಅದೇ ಜಾಗ, ಅದೇ ಲೆನ್ಸ್, ಚೌಕಟ್ಟಿನಲ್ಲಿ ಗ್ರೇ ಕಾರ್ಡ್ (ಬಣ್ಣ, ಬೆಳಕು ಹೋಲಿಸಲು ಬೂದು ಬಣ್ಣದ ಹಲಗೆ) ಮತ್ತು ಸ್ಕೇಲ್ ಇಟ್ಟು ಮೂರು ಫೋಟೊ: ಮೇಲಿನಿಂದ ಮೈಕಟ್ಟು, ತುಟಿ ಎತ್ತಿ ಬಾಚಿಹಲ್ಲು, ಹಿಂಗಾಲಿನ ಹಿಮ್ಮಡಿ. ಹಲ್ಲಿನ ಚಿತ್ರಕ್ಕೆ ಎಕ್ಸ್‌ಟೆನ್ಶನ್ ಟ್ಯೂಬ್ (ತೀರಾ ಹತ್ತಿರದಿಂದ ಫೋಕಸ್ ಆಗಲು ಲೆನ್ಸ್ ಹಿಂದೆ ಹಾಕುವ ಕೊಳವೆ) ಬೇಕು, ಹಿಡಿಯಲು ಇನ್ನೊಬ್ಬರೂ ಬೇಕು. ಬಾಚಿಹಲ್ಲು ವಾರಕ್ಕೆ 2–3 ಮಿ.ಮೀ. ಬೆಳೆಯುತ್ತದೆ, ಮೇಲಿನದು ಕೆಳಗಿನದರ ತುಸು ಮುಂದಕ್ಕೆ ಕೂರಬೇಕು. ಹಿಂದಿನ ತಿಂಗಳ ಚಿತ್ರದ ಪಕ್ಕ ಇಟ್ಟು ನೋಡಿದರೆ ಅಂಚು ಓರೆಯಾಗುತ್ತಿರುವುದು ಕಾಣುತ್ತದೆ, ಬರಿಗಣ್ಣಿಗೆ ಇದು ದಕ್ಕುವುದಿಲ್ಲ. ದವಡೆ ಹಲ್ಲು ಮಾತ್ರ ನಮ್ಮ ಕ್ಯಾಮೆರಾಕ್ಕೆ ಸಿಗದು, ಅದಕ್ಕೆ ಪಶುವೈದ್ಯರ ಉಪಕರಣವೇ ಬೇಕು. ಒಂದೇ ಕಣ್ಣಲ್ಲಿ ನೀರು, ಗಲ್ಲ ಒದ್ದೆ, ಬಾಯಿಂದ ಹುಲ್ಲು ಉದುರುವುದು ಕಂಡರೆ ದವಡೆ ಹಲ್ಲಿನ ಮೇಲೆ ಅನುಮಾನಪಡಿ.

ಹಿಮ್ಮಡಿಯ ಫೋಟೊಗೆ ಮೊಲವನ್ನು ಅಂಗಾತ ಮಲಗಿಸಬೇಡಿ. ಆಗ ಅದು ಮರಗಟ್ಟುವುದು ಹೆದರಿಕೆಯಿಂದ, ನೆಮ್ಮದಿಯಿಂದಲ್ಲ. ಕೊಸರಿ ಒದ್ದರೆ ಬೆನ್ನುಮೂಳೆಯೇ ಮುರಿಯಬಹುದು. ಅಕ್ರಿಲಿಕ್ ಹಾಳೆಯ ಮೇಲೆ ನಿಲ್ಲಿಸಿ ಅಡಿಯಿಂದ ತೆಗೆಯುವ ಪ್ರಯೋಗ ಜಾರಿಕೆಯಿಂದಲೇ ಕೆಟ್ಟಿತು. ಒಬ್ಬರು ಎದೆಗೆ ಅದರ ಬೆನ್ನು ಒರಗಿಸಿ, ಪೃಷ್ಠಕ್ಕೆ ಅಂಗೈ ಕೊಟ್ಟು ಹಿಡಿದರೆ ಎರಡು ಸೆಕೆಂಡಿನ ಕೆಲಸ. ಹಿಮ್ಮಡಿಯಲ್ಲಿ ಕೂದಲು ತೆಳುವಾಗಿ ಚರ್ಮ ಕೆಂಪಾಗಿದ್ದರೆ ತಂತಿಬಲೆಯ ನೆಲ, ಒದ್ದೆ ಹಾಸು ಅಥವಾ ಅತಿತೂಕ ಕಾರಣ.

ಅಡ್ಡದಾರಿಯ ಪ್ರಯೋಗವೊಂದು ಎಲ್ಲಕ್ಕಿಂತ ಫಲ ಕೊಟ್ಟಿತು: ಗ್ರಾಫ್ ಹಾಳೆಯ ಮೇಲೆ ಹಿಕ್ಕೆ ಇಟ್ಟು ಫೋಟೊ. ಆರೋಗ್ಯವಿದ್ದಾಗಿನ ಗಾತ್ರಕ್ಕೂ ದುಂಡನೆಯ ಆಕಾರಕ್ಕೂ ಸಾಕ್ಷಿ ಇರುತ್ತದೆ. ಚಿಕ್ಕದಾಗಿ, ಅಂಕುಡೊಂಕಾಗಿ ಬರತೊಡಗಿದರೆ ಹೊಟ್ಟೆಯ ಚಲನೆ ನಿಧಾನವಾಗಿದೆ. ರೋಮ ಉದುರುವ ಕಾಲದಲ್ಲಿ ಕೂದಲಿನಿಂದ ಸರದಂತೆ ಪೋಣಿಸಿಕೊಂಡು ಬರುತ್ತವೆ. ಆಗ ದಿನಾ ಬ್ರಷ್, ಅಗಲ ಬಟ್ಟಲಲ್ಲಿ ನೀರು, ಹುಲ್ಲು ಇನ್ನಷ್ಟು. ಊಟದಲ್ಲಿ ನೂರಕ್ಕೆ 80ರ ಮೇಲೆ ಹುಲ್ಲೇ ಇರಲಿ, ಪೆಲೆಟ್ (ಗುಳಿಗೆಯಂಥ ಸಿದ್ಧ ಆಹಾರ) ಮೊಲದ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 25 ಗ್ರಾಂ ಸಾಕು, ಕ್ಯಾರೆಟ್ ಚೂರು ಮಾತ್ರ. ಹತ್ತು ಹನ್ನೆರಡು ಗಂಟೆ ತಿನ್ನದೆ, ಹಿಕ್ಕೆಯೂ ಹಾಕದಿದ್ದರೆ ಫೋಟೊ ತೆಗೆಯುತ್ತ ಕೂರಬೇಡಿ, ಅದು ತುರ್ತು. ವೈದ್ಯರಲ್ಲಿಗೆ ಹೊರಡುವಾಗ ಕಳೆದ ಕೆಲ ತಿಂಗಳ ಹಲ್ಲಿನ ಫೋಟೊ, ಹಿಕ್ಕೆಯ ಫೋಟೊ, ತೂಕದ ಪಟ್ಟಿ ಫೋನಿನಲ್ಲಿ ಒಂದೇ ಫೋಲ್ಡರಿನಲ್ಲಿರಲಿ, ಫೈಲಿನ ಹೆಸರಲ್ಲೇ ದಿನಾಂಕ.