ಗಿಟಾರಿನ ಆ ಮಿನುಗನ್ನು ನಾನು ಹಿಡಿದ ಬಗೆ

ಕಳೆದ ಬೇಸಿಗೆಯಲ್ಲಿ, ಕಲಬುರಗಿಯ ಬ್ರಹ್ಮಪುರದ ನನ್ನ ಮನೆಯ ಮಹಡಿ ಕೋಣೆಯಲ್ಲಿ, ನಿವೃತ್ತ ಶಾಲಾ ಮಾಸ್ತರರೊಬ್ಬರು ಹಾಡಿದ ತತ್ವಪದಗಳನ್ನು ಧ್ವನಿಮುದ್ರಿಸುತ್ತಿದ್ದೆ. ತಂಬೂರಿ ಮತ್ತು ತಬಲಾದ ಹಿಂದೆ ಎಲೆಕ್ಟ್ರಿಕ್ ಗಿಟಾರಿನದೊಂದು ತೆಳುವಾದ ಪದರ ಇರಲಿ ಎಂಬುದು ನನ್ನ ಆಸೆಯಾಗಿತ್ತು. 1980ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಸ್ಟೀವ್ ಲೂಕಥರ್, ಮೈಕೆಲ್ ಲ್ಯಾಂಡೌ ಅವರಂತಹ ಸೆಷನ್ ವಾದಕರು ಬೇರೆಯವರ ಹಾಡುಗಳಿಗೆ ನುಡಿಸಿಕೊಟ್ಟ ಆ ಸ್ವಚ್ಛ ನಾದವನ್ನು ಹಲವು ವರ್ಷಗಳಿಂದ ಕಿವಿಯಲ್ಲಿ ಹೊತ್ತು ತಿರುಗುತ್ತಿದ್ದೇನೆ. ಅದರಲ್ಲಿ ಮೀಟಿದ ಕ್ಷಣ ಗಾಜಿನ ಬಳೆ ತಾಕಿದಂತೆ ಸ್ಪಷ್ಟವಾಗಿ ಕೇಳಿಸುತ್ತದೆ, ಆಮೇಲೆ ಸ್ವರ ಕುಗ್ಗದೆ ಸಮನಾಗಿ ನಿಲ್ಲುತ್ತದೆ, ನಿಂತಲ್ಲಿಯೇ ಕೆರೆಯ ನೀರಿನ ಮೇಲೆ ಬಿಸಿಲು ಬಿದ್ದಂತೆ ಎಡಬಲದಲ್ಲಿ ಮಿನುಗುತ್ತದೆ. ಅವರ ಬಳಿ ಆಳೆತ್ತರದ ಯಂತ್ರಗಳ ರ‍್ಯಾಕ್ ಇರುತ್ತಿತ್ತು. ನನ್ನ ಬಳಿ ಇದ್ದುದು ಸ್ಟ್ರಾಟೋಕಾಸ್ಟರ್ ಮಾದರಿಯ ಒಂದು ಗಿಟಾರು, ಎರಡು ಇನ್‌ಪುಟ್‌ಗಳ ಆಡಿಯೋ ಇಂಟರ್‌ಫೇಸ್, ಒಂದು ಲ್ಯಾಪ್‌ಟಾಪ್ ಮತ್ತು ಅದರೊಳಗಿನ ಪ್ಲಗಿನ್‌ಗಳು, ಅಂದರೆ ಅಂತಹ ಯಂತ್ರಗಳ ಕೆಲಸ ಮಾಡುವ ತಂತ್ರಾಂಶಗಳು.

ಮೊದಲ ದಿನ ನಾನು ಹಿಡಿದ ದಾರಿ ತಪ್ಪಾಗಿತ್ತು. ಆಂಪ್ಲಿಫೈಯರ್ ಮತ್ತು ಸ್ಪೀಕರ್ ಪೆಟ್ಟಿಗೆಯನ್ನು ಅನುಕರಿಸುವ ಪ್ಲಗಿನ್ ಹಾಕಿ, ಅದರ ಮುಂದೆ ಕೋರಸ್ ಅನ್ನು ಧಾರಾಳವಾಗಿ ತೆರೆದೆ. ಕೇಳಿದ ಮಾಸ್ತರರು ಹಾಡುವುದನ್ನು ನಿಲ್ಲಿಸಿ, "ತಮ್ಮಾ, ಇದು ಯಾಕ ಹಿಂಗ ಅಲ್ಲಾಡ್ತದ? ನನಗ ಸುರ ಹಿಡಿಲಾಕ ಆಗವಲ್ದು" ಎಂದರು. ಅವರ ಮಾತು ಸರಿಯಾಗಿತ್ತು. ಕೋರಸ್ ಎಂದರೆ ಮೂಲ ಧ್ವನಿಯ ಒಂದು ಪ್ರತಿಯನ್ನು ಕೆಲವು ಮಿಲಿಸೆಕೆಂಡ್ ತಡಮಾಡಿ, ಆ ತಡವನ್ನೇ ನಿಧಾನವಾಗಿ ಹಿಗ್ಗಿಸಿ ಕುಗ್ಗಿಸುವುದು. ತಡ ಬದಲಾದಾಗಲೆಲ್ಲ ಪ್ರತಿಯ ಶ್ರುತಿ ಏರಿಳಿಯುತ್ತದೆ. ಅದು ಮೂಲ ಧ್ವನಿಯಷ್ಟೇ ಜೋರಾಗಿ, ಅದರ ಮೇಲೆಯೇ ಕುಳಿತರೆ ಹಾಡುಗಾರನಿಗೆ ಆಧಾರ ಸ್ವರವೇ ಸಿಗುವುದಿಲ್ಲ. ಇದಲ್ಲದೆ ಗಿಟಾರಿನ ಸ್ಪೀಕರ್‌ಗಳು ಸುಮಾರು 5,000 ಹರ್ಟ್ಝ್‌ನ ಮೇಲಿನ ಧ್ವನಿಯನ್ನು ಬಹುಪಾಲು ಕತ್ತರಿಸಿಬಿಡುತ್ತವೆ. ಅದನ್ನು ಅನುಕರಿಸಿದ ಪ್ಲಗಿನ್ ನನಗೆ ಬೇಕಾದ ಹೊಳಪನ್ನೇ ನುಂಗುತ್ತಿತ್ತು. ಆ ಕಾಲದ ಎಷ್ಟೋ ಸ್ವಚ್ಛ ಗಿಟಾರುಗಳು ಸ್ಪೀಕರನ್ನು ಮುಟ್ಟದೆ ನೇರವಾಗಿ ಧ್ವನಿ ಬೆರೆಸುವ ಕನ್ಸೋಲಿಗೆ ಹೋಗುತ್ತಿದ್ದವು ಎಂಬುದು ನೆನಪಾಗಿ ಸ್ಪೀಕರ್ ಅನುಕರಣೆಯನ್ನು ತೆಗೆದುಹಾಕಿದೆ. ಅದೃಷ್ಟವಶಾತ್ ಗಿಟಾರನ್ನು ಯಾವ ಪರಿಣಾಮವೂ (ಇಫೆಕ್ಟ್) ಇಲ್ಲದೆ ಶುದ್ಧವಾಗಿ ಮುದ್ರಿಸಿಕೊಂಡು, ಪರಿಣಾಮಗಳನ್ನು ಕೇಳಲು ಮಾತ್ರ ಬಳಸಿದ್ದೆ. ಆದ್ದರಿಂದ ಪರಿಣಾಮಗಳನ್ನು ಬದಲಿಸಲೆಂದೇ ಮತ್ತೆ ನುಡಿಸಬೇಕಾಗಿರಲಿಲ್ಲ. ಈ ಕೆಲಸ ಮಾಡುವ ಎಲ್ಲರಿಗೂ ಇದೊಂದನ್ನು ಒತ್ತಿ ಹೇಳುತ್ತೇನೆ.

ಆದರೆ ಶುದ್ಧ ಮುದ್ರಣವನ್ನು ಒಂಟಿಯಾಗಿ ಕೇಳಿದಾಗ ಅದರಡಿಯಲ್ಲಿ ಗುಂಯ್ ಎನ್ನುವ ಸದ್ದು ಇತ್ತು. ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಒಂಟಿ ಸುರುಳಿ) ನಮ್ಮ ವಿದ್ಯುತ್ತಿನ 50 ಹರ್ಟ್ಝ್ ಮೊರೆತವನ್ನೂ ಅದರ ಗುಣಕಗಳನ್ನೂ ಹೀರಿಕೊಳ್ಳುತ್ತದೆ; ಮುಂದೆ ಕಂಪ್ರೆಸರ್ (ಜೋರು ಸದ್ದನ್ನು ತಗ್ಗಿಸಿ ಮೆಲು ಸದ್ದಿನೊಂದಿಗೆ ಸಮ ಮಾಡುವ ಸಾಧನ) ಹಾಕಿದರೆ ಸ್ವರದ ಜೊತೆಗೆ ಆ ಮೊರೆತವೂ ಮೇಲೇಳುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ಅರ್ಧ ಸದ್ದು ಹೋಯಿತು, ತಂತಿಗಳ ಮೇಲೆ ಅಂಗೈ ಇಟ್ಟಾಗ ಇನ್ನಷ್ಟು ಇಳಿಯಿತು. ಅರ್ಥಿಂಗ್ ಸರಿಯಿಲ್ಲದಿರಬಹುದು ಎಂಬ ಅನುಮಾನ ಬಂತು. ಎಲೆಕ್ಟ್ರಿಷಿಯನ್ ಬಂದು ಮೀಟರ್ ಹಿಡಿದಾಗ ನ್ಯೂಟ್ರಲ್ ಮತ್ತು ಅರ್ಥ್ ನಡುವೆ 19 ವೋಲ್ಟ್ ತೋರಿಸಿತು. ನಮ್ಮದು ಎರೆ ಮಣ್ಣಿನ ನೆಲ. ಮೇ ತಿಂಗಳ ಬಿಸಿಲಿಗೆ ಅದು ಒಣಗಿ ಅಂಗೈಯಗಲ ಬಿರುಕು ಬಿಟ್ಟಾಗ ಹೂತಿಟ್ಟ ಪೈಪಿಗೂ ಮಣ್ಣಿಗೂ ಸಂಬಂಧವೇ ತಪ್ಪುತ್ತದೆ. ಗುಂಡಿಯನ್ನು ತೆರೆದು ಇದ್ದಿಲು, ಉಪ್ಪು ತುಂಬಿಸಿ, ಮೂರು ದಿನ ಸಂಜೆ ಎರಡೆರಡು ಕೊಡ ನೀರು ಹಾಕಿದ ಮೇಲೆ ಅದೇ ಮೀಟರ್ 2 ವೋಲ್ಟ್‌ಗೆ ಇಳಿಯಿತು. ನನ್ನ ಗಿಟಾರಿನ ನಡುವಿನ ಪಿಕಪ್ ಉಳಿದವುಗಳಿಗೆ ವಿರುದ್ಧವಾಗಿ ಸುತ್ತಿದ್ದಾಗಿದೆ. ಹಾಗಾಗಿ ನಡುವಿನದನ್ನೂ ಬ್ರಿಜ್ (ಕುದುರೆ) ಬಳಿಯದನ್ನೂ ಕೂಡಿಸುವ ಸ್ಥಾನಕ್ಕೆ ಸ್ವಿಚ್ ಇಟ್ಟಾಗ ಉಳಿದ ಮೊರೆತವೂ ಪರಸ್ಪರ ಕಳೆದುಹೋಯಿತು. ಆ ತೆಳ್ಳನೆಯ ಗಾಜಿನ ಗುಣವೂ ಇದೇ ಸ್ಥಾನದಲ್ಲಿ ಸಿಗುತ್ತದೆ. ಈ ಶುದ್ಧ ತಳಪಾಯದ ಮೇಲೆ ಹೊಸ ತಂತಿ ಹಾಕಿ ಎಲ್ಲವನ್ನೂ ಇನ್ನೊಮ್ಮೆ ನುಡಿಸಿ ಮುದ್ರಿಸಿದೆ.

ಮಾಸ್ತರರ ಶ್ರುತಿ ಕಾಳಿ ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ. ಗಿಟಾರಿನ ನಾಲ್ಕನೆಯ ಮನೆಗೆ ಕೇಪೋ (ತಂತಿಗಳನ್ನೆಲ್ಲ ಒತ್ತಿ ಶ್ರುತಿ ಏರಿಸುವ ಹಿಡಿಕೆ) ಹಾಕಿ, ಮೇಲಿನ ನಾಲ್ಕು ತಂತಿಗಳ ಮೇಲೆ ಷಡ್ಜ, ಪಂಚಮ, ರಿಷಭಗಳನ್ನಷ್ಟೇ ಬಿಡಿಬಿಡಿಯಾಗಿ ಮೀಟಿದೆ. ಗಾಂಧಾರವನ್ನು ಹಾಡುಗಾರರಿಗೇ ಬಿಟ್ಟೆ. ಮೊದಲು ಕಂಪ್ರೆಸರ್ ಇಟ್ಟೆ. 4ಕ್ಕೆ 1ರ ಅನುಪಾತ, ಹಿಡಿತ ಶುರುವಾಗಲು 25 ಮಿಲಿಸೆಕೆಂಡ್, ಬಿಡಲು 150 ಮಿಲಿಸೆಕೆಂಡ್, ಒಟ್ಟು ಇಳಿತ ಐದಾರು ಡೆಸಿಬೆಲ್. ಆ 25 ಮಿಲಿಸೆಕೆಂಡಿನಲ್ಲಿ ಪ್ಲೆಕ್ಟ್ರಮ್ ತಂತಿ ಬಿಡುವ ಚಿಟಿಕೆ ಸದ್ದು ಪೂರ್ತಿ ಪಾರಾಗುತ್ತದೆ. ಅದನ್ನು 3ಕ್ಕೆ ಇಳಿಸಿ ನೋಡಿದರೆ ಬಳೆಯ ಸದ್ದು ಹೋಗಿ ಹತ್ತಿಯಲ್ಲಿ ಸುತ್ತಿದಂತಾಗುತ್ತದೆ. ಬಳಿಕ ಈಕ್ವಲೈಝರ್‌ನಲ್ಲಿ 120 ಹರ್ಟ್ಝ್‌ನ ಕೆಳಗಿನದನ್ನು ತೆಗೆದು, 300ರ ಸುತ್ತ 3 ಡೆಸಿಬೆಲ್ ಇಳಿಸಿ, 6,000ದ ಮೇಲೆ ಅಷ್ಟೇ ಏರಿಸಿದೆ.

ಮಿನುಗಿನ ಗುಟ್ಟು ಸಿಕ್ಕಿದ್ದು ಮಾಸ್ತರರು ತಂಬೂರಿ ಕೂಡಿಸುತ್ತಿದ್ದಾಗ. ಅವರು ಜೋಡಿ ತಂತಿಗಳೆರಡನ್ನೂ ಮೀಟಿ, ಕುದುರೆಯ ಕೆಳಗಿನ ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತಿದ್ದರು. ಎರಡು ತಂತಿಗಳ ಶ್ರುತಿ ದೂರವಿದ್ದಾಗ ವೇಗವಾಗಿ ಏಳುತ್ತಿದ್ದ ಅಲೆ, ಅವು ಹತ್ತಿರವಾದಂತೆ ನಿಧಾನವಾಗುತ್ತ, ಕೊನೆಗೆ ಉಸಿರಾಟದಷ್ಟು ಸಾವಕಾಶವಾಯಿತು. ಅಲ್ಲಿ ಯಾವ ಸ್ವರವೂ ಏರಿಳಿಯುತ್ತಿರಲಿಲ್ಲ. ಎರಡೂ ಸ್ಥಿರವಾಗಿದ್ದವು, ಅವುಗಳ ನಡುವಿನ ಅಂತರವೇ ಅಲೆಯಾಗಿ ಕೇಳುತ್ತಿತ್ತು. ನನಗೆ ಬೇಕಾಗಿದ್ದುದು ತೂಗಾಡುವ ಕೋರಸ್ ಅಲ್ಲ, ಸ್ಥಿರವಾದ ಅಂತರ. 1975ರ ಈವೆಂಟೈಡ್ ಎಚ್910 ಎಂಬ ಶ್ರುತಿ ಬದಲಿಸುವ ಯಂತ್ರದಿಂದ ಸ್ಟುಡಿಯೋಗಳು ಧ್ವನಿಯನ್ನು ಅಗಲಗೊಳಿಸಿಕೊಂಡಿದ್ದು ಶ್ರುತಿಯ ಇಂತಹ ಸಣ್ಣ ವ್ಯತ್ಯಾಸದಿಂದಲೇ. ಅದೇ ವರ್ಷದ ರೋಲ್ಯಾಂಡ್ ಜೆಸಿ-120 ಆಂಪ್ಲಿಫೈಯರ್ ಕೂಡ ಕೋರಸ್‌ನಲ್ಲಿ ಒಂದು ಸ್ಪೀಕರಿಗೆ ಶುದ್ಧ ಧ್ವನಿಯನ್ನೂ ಇನ್ನೊಂದಕ್ಕೆ ಬದಲಾದ ಧ್ವನಿಯನ್ನೂ ಕಳುಹಿಸಿ, ಅವೆರಡು ಗಾಳಿಯಲ್ಲಿ ಬೆರೆಯುವಂತೆ ಮಾಡುತ್ತಿತ್ತು.

ಆದ್ದರಿಂದ ಮೂಲ ಗಿಟಾರನ್ನು ನಡುವೆ ಮುಟ್ಟದೆ ಇಟ್ಟೆ. ಎಡಕ್ಕೆ 9 ಸೆಂಟ್ ಏರಿಸಿ 12 ಮಿಲಿಸೆಕೆಂಡ್ ತಡಮಾಡಿದ ಪ್ರತಿ, ಬಲಕ್ಕೆ 9 ಸೆಂಟ್ ಇಳಿಸಿ 18 ಮಿಲಿಸೆಕೆಂಡ್ ತಡಮಾಡಿದ ಪ್ರತಿ, ಎರಡೂ ಮೂಲಕ್ಕಿಂತ 7 ಡೆಸಿಬೆಲ್ ಕೆಳಗೆ. ಒಂದು ಅರ್ಧಸ್ವರದ ಅಂತರದಲ್ಲಿ, ಅಂದರೆ ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ನಡುವೆ, 100 ಸೆಂಟ್ ಇರುತ್ತವೆ. 9 ಎಂಬುದು ಅದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಕೇಪೋ ಇಲ್ಲದ ಲೆಕ್ಕದಲ್ಲಿ, 330 ಹರ್ಟ್ಝ್‌ನ ತೆಳು ತಂತಿಯಲ್ಲಿ ಈ ಅಂತರ ಸೆಕೆಂಡಿಗೆ 1.7 ಅಲೆ ಕೊಡುತ್ತದೆ, ಅದರ ಹನ್ನೆರಡನೆಯ ಮನೆಯಲ್ಲಿ 3.4. 82 ಹರ್ಟ್ಝ್‌ನ ದಪ್ಪ ತಂತಿಯಲ್ಲಿ ಎರಡು ಸೆಕೆಂಡಿಗೆ ಒಂದೂ ಇಲ್ಲ. ಮೇಲೆ ಹೋದಂತೆ ಮಿನುಗು ಚುರುಕಾಗುವುದು ಹೀಗೆ. ಕೆಳಗಿನ ಸ್ವರಗಳಲ್ಲಿ ಅಷ್ಟು ನಿಧಾನವಾದ ಅಲೆ ಅಪಶ್ರುತಿಯಂತೆಯೇ ಕೇಳುವುದರಿಂದ, ಪ್ರತಿಗಳಿಂದ 250 ಹರ್ಟ್ಝ್‌ನ ಕೆಳಗಿನದನ್ನೆಲ್ಲ ತೆಗೆದೆ. ಇದೊಂದು ಕತ್ತರಿ ಆಡಿಸಿದ ಕೂಡಲೇ ನಾದ ಬಿಚ್ಚಿಕೊಂಡು, ಮಾಸ್ತರರ ಧ್ವನಿಗೆ ಕೆಳಗೆ ಜಾಗ ಸಿಕ್ಕಿತು.

ಮಾರ್ದನಿಯ ಲೆಕ್ಕ ಸುಲಭ. ಪದದ ಲಯ ನಿಮಿಷಕ್ಕೆ 84 ಇದ್ದುದರಿಂದ ಒಂದು ಮಾತ್ರೆಗೆ 714 ಮಿಲಿಸೆಕೆಂಡ್. ಅದರ ಅರ್ಧವಾದ 357ನ್ನು ಎಡಕ್ಕೆ, ಮುಕ್ಕಾಲಾದ 536ನ್ನು ಬಲಕ್ಕೆ ಕೊಟ್ಟು, ಎರಡು ಸಲ ಮರುಕಳಿಸಿ ಆರುವಷ್ಟು ಬಿಟ್ಟೆ. ರಿವರ್ಬ್‌ಗೆ, ಅಂದರೆ ಅನುರಣನಕ್ಕೆ, 1957ರ ಇಎಂಟಿ 140ರಂತಹ ಉಕ್ಕಿನ ತಗಡಿನ ಮಾದರಿಯನ್ನು ಆರಿಸಿ, 1.8 ಸೆಕೆಂಡ್ ಇಟ್ಟೆ. ನನ್ನ ಕೋಣೆಯ ನೆಲ ಶಹಾಬಾದ್ ಕಲ್ಲಿನದು. ಮಾಸ್ತರರು ಹಾಡಿದರೆ ಗಡುಸಾಗಿ ಮರುಧ್ವನಿಸುತ್ತಿತ್ತು. ಜಮಖಾನೆ ಹಾಸಿ, ಗೋಡೆಗೆ ಅವ್ವ ಹೊಲಿದ ಎರಡು ಕೌದಿಗಳನ್ನು ತೂಗುಹಾಕಿದ ಮೇಲೆಯೇ ಅವರ ಧ್ವನಿಯೂ ಗಿಟಾರೂ ಒಂದೇ ರಿವರ್ಬ್‌ನೊಳಗೆ ಹೊಂದಿಕೊಂಡವು.

ಹೆಡ್‌ಫೋನಿನಲ್ಲಿ ಇದೆಲ್ಲ ಮನಸ್ಸಿಗೆ ಒಪ್ಪುವಂತಿತ್ತು. ಆದರೆ ಈ ಪದಗಳನ್ನು ಕೇಳುವವರು ಹೊಲದ ಬದುವಿನಲ್ಲಿ, ಕಟ್ಟೆಯ ಮೇಲೆ, ಒಂದೇ ಸ್ಪೀಕರಿನ ಮೊಬೈಲ್‌ನಲ್ಲಿ ಕೇಳುತ್ತಾರೆ. ಎಡಬಲಗಳನ್ನು ಒಂದಾಗಿಸಿ ಮೊನೋದಲ್ಲಿ ಪರೀಕ್ಷಿಸಿದಾಗ ಪಕ್ಕಕ್ಕಿದ್ದ ಎರಡು ಪ್ರತಿಗಳೂ ನಡುವಿನ ಸ್ವರದ ಮೇಲೆ ಬಂದು ಕುಳಿತು, ಮೊದಲ ದಿನದ ಅಲ್ಲಾಟವೇ ಮರಳಿತು. ಪ್ರತಿಗಳನ್ನು ಮೂಲಕ್ಕಿಂತ 7ರ ಬದಲು 11 ಡೆಸಿಬೆಲ್ ಕೆಳಕ್ಕೆ ಇಳಿಸಿದೆ. ಮಿನುಗು ಸ್ವಲ್ಪ ಕಡಿಮೆಯಾಯಿತು, ಸ್ವರ ಗಟ್ಟಿಯಾಯಿತು. ಕಡತವನ್ನು ಮಾಸ್ತರರ ಮೊಬೈಲಿಗೆ ಕಳುಹಿಸಿದೆ. ಅವರು ಮಹಡಿಯ ಮೆಟ್ಟಿಲ ಮೇಲೆ ಕುಳಿತು, ಫೋನನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಕೇಳಿ, "ಈಗ ನಿಂತದ ನೋಡು" ಎಂದರು.

ಮರುದಿನದ ಪದದ ಲಯ 66. ಮಾರ್ದನಿಯನ್ನು 455ಕ್ಕೂ 682ಕ್ಕೂ ಬದಲಿಸಿದೆ. ಉಳಿದ ಯಾವುದನ್ನೂ ಮುಟ್ಟಬೇಕಾಗಲಿಲ್ಲ.