ಬದನೆ ಬೇರಿನ ಗಂಟಿಗೆ ನಾನು ಮಾಡಿದ್ದು

ಜಮಖಂಡಿ ಕಡೆಯ ನಮ್ಮ ಹೊಲದಲ್ಲಿ, ಎಷ್ಟು ನೀರು ಬಿಟ್ಟರೂ ಬದನೆ ಗಿಡ ಬಾಡುತ್ತಿದ್ದವು. ಕಿತ್ತು ನೋಡಿದರೆ ಬೇರಿನ ತುಂಬ ಗಂಟು. ಶೇಂಗಾ ಬೇರಿನ ಗಂಟು ಉಗುರು ತಾಗಿಸಿದರೆ ಉದುರುತ್ತದೆ ಅಲ್ವಾ, ಇದು ಹಾಗಲ್ಲ, ಬೇರೇ ಊದಿಕೊಂಡಿರುತ್ತದೆ. ಇದು ಮಣ್ಣಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳು, ಅಂದರೆ ನೆಮಟೋಡ್ ಕಾಟ.

ಮುಂದಿನ ನಾಟಿಗೆ ಮೊದಲೇ ತಯಾರಿ ಮಾಡಿದೆವು. ಚೆನ್ನಾಗಿ ಕಳಿತ ಒಂದು ಟನ್ ತಿಪ್ಪೆಗೊಬ್ಬರಕ್ಕೆ ಟ್ರೈಕೋಡರ್ಮಾ, ಸುಡೊಮೊನಾಸ್, ಪೆಸಿಲೋಮೈಸಿಸ್ ಎಂಬ ಉಪಕಾರಿ ಜೀವಾಣುಗಳನ್ನು ತಲಾ 2 ಕೆಜಿ, ಜೊತೆಗೆ ಬೇವಿನ ಹಿಂಡಿ ಬೆರೆಸಿ, ಮರದ ನೆರಳಲ್ಲಿ ಗುಡ್ಡೆ ಹಾಕಿ, ಒದ್ದೆ ಗೋಣಿಚೀಲ ಮುಚ್ಚಿ 15 ದಿನ ಬಿಡಬೇಕು. ನಡುನಡುವೆ ನೀರು ಚಿಮುಕಿಸಿ ತಿರುವಿ ಹಾಕಿ. ನಮ್ಮ ಕಡೆ ಬಿಸಿಲಿಗೆ ನೆರಳು ಬೇಕೇ ಬೇಕು, ಒಣಗಿದರೆ ಜೀವಾಣು ಬೆಳೆಯಲ್ಲ. ಹಸಿರು ಬೂಷ್ಟು ಕಂಡರೆ ಹೆದರಬೇಡಿ, ಅದೇ ಟ್ರೈಕೋಡರ್ಮಾ. ಪೆಸಿಲೋಮೈಸಿಸ್ ಜಂತುಹುಳುವಿನ ಮೊಟ್ಟೆಯನ್ನೇ ತಿನ್ನುತ್ತದೆ.

ಸಸಿ ಮಡಿಗೂ ಇದೇ ಗೊಬ್ಬರ ಹಾಕಿದೆ, ಯಾಕಂದ್ರೆ ಹುಳು ಸಸಿಯ ಜೊತೆಗೇ ಹೊಲಕ್ಕೆ ಬರುತ್ತದೆ. ಸಾಲಿನ ನಡುವೆ ಚೆಂಡು ಹೂವೂ ಹಚ್ಚಿದೆ. ಗಂಟು ಪೂರ್ತಿ ಹೋಗಿಲ್ಲ, ಆದರೆ ತುಂಬ ಕಡಿಮೆ, ಬಿಳಿ ಎಳೆ ಬೇರು ಜಾಸ್ತಿ, ಕಾಯಿಯೂ ಚೆನ್ನಾಗಿ ಬಂತು. ಒಂದು ಮಾತು, ಇದನ್ನು ಹಾಕಿದ ಮೇಲೆ ಬುಡಕ್ಕೆ ಶಿಲೀಂಧ್ರನಾಶಕ ಸುರಿಯಬೇಡಿ, ಈ ಒಳ್ಳೆಯ ಶಿಲೀಂಧ್ರಗಳೂ ಸಾಯುತ್ತವೆ.