ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವವರಿಗೆ

ಹಾಸನದ ಮಹಾರಾಜ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವವರಿಗೇನೂ ಕೊರತೆಯಿಲ್ಲ. ಆದರೆ ಮದುವೆಮನೆಯ ಸುದ್ದಿಯನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಾ ಸಾಗುವ ನಡಿಗೆಯಿಂದ ಹೃದಯಕ್ಕೆ ಹೆಚ್ಚು ಕೆಲಸ ಸಿಗುವುದಿಲ್ಲ. ಮಾತನಾಡಬಹುದು, ಹಾಡಲಾಗದು ಎನ್ನುವಷ್ಟು ಉಸಿರು ಏರಬೇಕು. ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುತ್ತದೆ.

ಸುಲಭ ಕ್ರಮವೊಂದಿದೆ: 3 ನಿಮಿಷ ಬಿರುಸು ನಡಿಗೆ, 3 ನಿಮಿಷ ನಿಧಾನ, ಹೀಗೆ ಐದು ಸಲ. ಅರ್ಧ ಗಂಟೆ ಮುಗಿಯಿತು. ಹೊಸಬರು ಎರಡು ಸಲದಿಂದ ಆರಂಭಿಸಿದರೆ ಸಾಕು, ಯಾರೊಂದಿಗೂ ಪೈಪೋಟಿ ಬೇಡ.

ವ್ಯಾಯಾಮದಿಂದ ಶ್ವಾಸಕೋಶ ದೊಡ್ಡದಾಗುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗೇನಿಲ್ಲ. ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ದೂಡುತ್ತದೆ, ಸ್ನಾಯುಗಳು ಆಮ್ಲಜನಕವನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ; ಏದುಸಿರು ಕಡಿಮೆಯಾಗುವುದು ಅದರಿಂದ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ನಾಡಿ ಎಣಿಸಿ ಬರೆದಿಡಿ. ಅಭ್ಯಾಸ ಮುಂದುವರಿದಂತೆ ಸಾಮಾನ್ಯವಾಗಿ ಆ ಸಂಖ್ಯೆ ಇಳಿಯುತ್ತದೆ.

ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತುವ ಆಸೆಯಿದ್ದವರು ಕೆಲವು ವಾರ ಮೊದಲೇ ಮನೆಯ ಮೆಟ್ಟಿಲಲ್ಲಿ ಅಭ್ಯಾಸ ಮಾಡಿ. ಅಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಏರಬೇಕು. ಬಂಡೆ ಕಾಯುವ ಮುನ್ನ ಹೊರಡುವುದು ಜಾಣತನ.

ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ನಾಡಿ ಅಷ್ಟಾಗಿ ಏರುವುದಿಲ್ಲ, ಹಾಗಾಗಿ ಕೈಗಡಿಯಾರದ ಅಂಕಿಗಿಂತ ಉಸಿರನ್ನೇ ನಂಬಿ. ಹೃದ್ರೋಗ, ಮಧುಮೇಹ ಇದ್ದವರು ಮೊದಲು ವೈದ್ಯರನ್ನು ಕೇಳಿ. ಎದೆ ಬಿಗಿತ, ತೋಳಿಗೋ ದವಡೆಗೋ ಹರಡುವ ನೋವು, ತಲೆಸುತ್ತು ಕಂಡರೆ ಗ್ಯಾಸ್ಟ್ರಿಕ್ ಎಂದು ಸುಮ್ಮನಿರದೆ ತಕ್ಷಣ ಕುಳಿತು 108ಕ್ಕೆ ಕರೆ ಮಾಡಿ.